ಡ್ರ್ಯಾಗನ್ನಿಗೆ ಅಪ್ಪ ಕೊಟ್ಟ ದನಿ

ತಮ್ಮಾ,

ನಾನು ಡ್ಯೂಟಿಗೆ ಹೊರಟೆ. ಗಂಟಲ ಆಪರೇಷನ್ ಮುಗಿಸಿಕೊಂಡು ಅಪ್ಪ ಮಧ್ಯಾಹ್ನ ಮನೆಗೆ ಬರುತ್ತಾರೆ. ಹಾಲು ಆರಿಸಿ ಕೊಡು. ಮಾತಿಗೆಳೆಯಬೇಡ.

ಅಟ್ಟದಿಂದ ನಮ್ಮ ಹಳೇ ವಿಡಿಯೋ ಗೇಮ್ ಇಳಿಸಿ ಟಿವಿಗೆ ಜೋಡಿಸಿದ್ದೇನೆ. ಚಿತ್ರ ಬರದಿದ್ದರೆ ಕ್ಯಾಸೆಟ್ ತೆಗೆದು ಊದು. ಆಟದಲ್ಲಿ ಕೊಡಲಿ ಹಿಡಿದ ಕುಳ್ಳನ ಪಾತ್ರ ಅಪ್ಪನಿಗೇ ಇರಲಿ, ಅದಕ್ಕೂ ಜಗಳ ತೆಗೆಯಬೇಡ. ಡ್ರ್ಯಾಗನ್ ಬಂದಾಗ ಈ ಸಲ ನೀನೇ ಬಾಯಲ್ಲಿ ಗರ್ಜಿಸು, ನಾಚಿಕೊಳ್ಳಬೇಡ.

ಇದನ್ನು ಮನೆಗೆ ತಂದ ದಿನ ನೀನು, "ಗೇಮ್ ಅಂಗಡಿ ಮೆಷಿನ್ನಲ್ಲಿ ಡ್ರ್ಯಾಗನ್ ಎಷ್ಟು ಜೋರಾಗಿ ಕೂಗತ್ತೆ! ಇದಕ್ಕೆ ಬಾಯೇ ಇಲ್ಲ!" ಎಂದು ನೆಲಕ್ಕೆ ಬಿದ್ದು ಹೊರಳಾಡಿದ್ದೆ. ಊಟಕ್ಕೆ ಕೂತಿದ್ದ ಅಪ್ಪ ಎಂಜಲು ಕೈಯಲ್ಲೇ ಎದ್ದು ಬಂದು ಡ್ರ್ಯಾಗನ್ ಪರವಾಗಿ ತಾವೇ ಗರ್ಜಿಸಿದರು. ಯಾವ ಪ್ರಾಣಿ ಮನೆಗೆ ನುಗ್ಗಿತೋ ಎಂದು ಅಮ್ಮ ಪೊರಕೆ ಹಿಡಿದು ಓಡಿಬಂದಳು.

ಡಾಕ್ಟರು ಮಾತಾಡಬೇಡಿ ಅಂದಿದ್ದಾರೆ, ನಗಬೇಡಿ ಅಂದಿಲ್ಲ.

ಅಕ್ಕ