ಕ್ಯಾಮೆರಾಕ್ಕೆ ಹೊದಿಸಿದ ಬೈರಾಸು

ಕಾಪು
10 ಆಗಸ್ಟ್ 2025

ಪ್ರೀತಿಯ ಸುಂದರಿ,

‘ಪ್ರೀತಿಯ’ ಎಂದು ಬರೆದದ್ದು ಕೈಯ ಅಭ್ಯಾಸ. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ ಎಂದು ಹಾಗೆಯೇ ಬಿಟ್ಟಿದ್ದೇನೆ. ನಾವಿಲ್ಲಿ ಕ್ಷೇಮ. ನೀವು ಕ್ಷೇಮವಾಗಿರುವುದು ನಿನ್ನ ಸೊಸೆ ಧೃತಿ ದಿನಾ ಹಾಕುವ ಸ್ಟೇಟಸ್ಸಿನಿಂದ ಊರಿಗೆಲ್ಲ ಗೊತ್ತುಂಟು, ನಾನು ಬೇರೆ ಕೇಳಬೇಕಾಗಿಲ್ಲ. ನಿನ್ನ ವಾಯ್ಸ್ ಮೆಸೇಜಿಗೆ ಉತ್ತರ ಕೊಡಲು ತಡವಾಯಿತು. ಅದಕ್ಕೆ ಕ್ಷಮಿಸು. ಈ ಕಾಗದದಲ್ಲಿ ನಾನು ಕೇಳುವ ಕ್ಷಮೆ ಇದೊಂದೇ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಸ್ವಲ್ಪ ಜೋರಾಗಿ ಮಾತಾಡಿದ ಕೂಡಲೇ ನಿನ್ನ ಮನೆಯಲ್ಲಿ ಕುಕ್ಕರ್ ಕೂಗುತ್ತದೆ, ಇಲ್ಲವಾದರೆ ಗೇಟಿನ ಹತ್ತಿರ ಯಾರೋ ಬಂದಿರುತ್ತಾರೆ. ವಾಟ್ಸಾಪಿನಲ್ಲಿ ಬರೆದರೆ ಕೈಮುಗಿದ ಚಿತ್ರ ಕಳಿಸುತ್ತೀ. ಹಾಗಾಗಿ ಕಾಗದ. ಕೂತು ಪೂರ್ತಿ ಓದು.

ದಸರಾ ರಜೆಯಲ್ಲಿ ದುಬೈಗೆ ಹೋಗುವವರಿದ್ದೀರಿ, ಬೆಕ್ಕನ್ನೂ ಮನೆಯನ್ನೂ ನೋಡಿಕೊಳ್ಳಲು ‘ಹೋದ ಸಲದ ಹಾಗೆಯೇ’ ಬಂದು ಇರಬೇಕು ಎಂದು ಕೇಳಿದ್ದೀ. ಬರುವುದಿಲ್ಲ. ಹೋದ ಸಲದ ಹಾಗೆಯೇ ಎಂದು ಎಷ್ಟು ಸಲೀಸಾಗಿ ಹೇಳಿದೆ ಮಾರಾಯ್ತಿ. ಹೋದ ಸಲ ಹೇಗಿತ್ತೆಂದು ಒಮ್ಮೆ ನನ್ನ ಬಾಯಿಯಿಂದ ಕೇಳು.

ಜೂನಿನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆಯಾಗಿ ನಿನ್ನ ಗಂಡ ವಿಠಲಣ್ಣನ ಬೋಟುಗಳೆಲ್ಲ ಮಲ್ಪೆಯಲ್ಲಿ ದಡ ಸೇರಿದ ಮೇಲೆ ನಿಮಗೆಲ್ಲ ಪುರುಸೊತ್ತಾಯಿತು. ವಿಯೆಟ್ನಾಮಿಗೆ ಟಿಕೆಟು ಮಾಡಿದಿರಿ. ನೀನು ಮಣಿಪಾಲದಿಂದ ಕಾರಿನಲ್ಲಿ ಬಂದು ನಮ್ಮ ಜಗಲಿಯಲ್ಲಿ ಕೂತು ಆಡಿದ ಮಾತು ನನಗೆ ಬಾಯಿಪಾಠ ಬರುತ್ತದೆ. “ದುಡ್ಡು ಕೊಟ್ಟರೆ ಯಾರೂ ಸಿಗ್ತಾರೆ ವಿನೋದಾ. ಆದರೆ ಅವರ ಕೈಯಲ್ಲಿ ಕೀ ಕೊಟ್ಟು ನನಗೆ ಅಲ್ಲಿ ನಿದ್ರೆ ಬರಬೇಕಲ್ಲ? ನೀನಿದ್ದರೆ ನನ್ನ ಅಕ್ಕ ಮನೆಯಲ್ಲಿದ್ದ ಹಾಗೆ.” ನಾನು ಕರಗಿಹೋದೆ. ಕಾರ್ಕಳದಿಂದ ಮಗಳು ಯಶ್ಮಿತಾ ಮಗುವನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದಳು, ಮುಂದಿನ ತಿಂಗಳು ಬಾ ಎಂದು ತಡೆದೆ. ನಮ್ಮ ಮನೆಯವರು, “ಅಷ್ಟು ವರ್ಷ ಶಾಲೆಯಲ್ಲಿ ಮಕ್ಕಳನ್ನು ಕಾದದ್ದು ಸಾಕಾಗಲಿಲ್ಲ, ಈಗ ಪುಚ್ಚೆ ಕಾಯಲಿಕ್ಕೆ ಹೋಗುವುದಾ?” ಎಂದು ಬೆಕ್ಕಿನ ಹೆಸರೆತ್ತಿ ನಗಾಡಿದರು. ಸುಂದರಿ ಏನು ಬೇರೆಯವಳಾ ಎಂದು ನಾನೇ ಅವರ ಬಾಯಿ ಮುಚ್ಚಿಸಿದೆ.

ನೀನು ಹೇಳಿಕೊಟ್ಟದ್ದೊಂದನ್ನೂ ನಾನು ತಪ್ಪಿಸಲಿಲ್ಲ. ಸಂಜೆಯಾದರೆ ಮೇಲಿನ ಕೋಣೆಯಲ್ಲೊಮ್ಮೆ ಕೆಳಗೊಮ್ಮೆ ದೀಪ ಹಾಕಿದೆ. ಗೇಟಿನಲ್ಲಿ ಪೇಪರು ಬಿದ್ದಿರಲು ಬಿಡಲಿಲ್ಲ. ವಿಠಲಣ್ಣನ ಚಪ್ಪಲಿ, ರೈನ್‌ಕೋಟು ಎದುರಿಗೆ ಕಾಣುವ ಹಾಗೆ ಇಟ್ಟೆ, ಒಣಗಿದ ರೈನ್‌ಕೋಟಿಗೆ ದಿನಾ ಸ್ವಲ್ಪ ನೀರು ಚಿಮುಕಿಸಿದೆ. ಮನೆಯವರು ಊರಲ್ಲಿಲ್ಲ ಎಂದು ನರಪಿಳ್ಳೆಗೂ ಗೊತ್ತಾಗಬಾರದು ಎಂದಿದ್ದೆಯಲ್ಲ, ಗ್ಯಾಸ್ ತಂದವನ ಹತ್ತಿರ, “ಧಣಿಗಳಿಗೆ ಜ್ವರ, ಒಳಗೆ ಮಲಗಿದ್ದಾರೆ, ಮೆಲ್ಲ ಇಳಿಸು” ಎಂದೆ. ಅವನು ಸಿಲಿಂಡರ್ ಇಳಿಸುತ್ತಾ, “ಹೌದಾ ಅಕ್ಕ? ಬೆಳಿಗ್ಗೆ ಟೊಪ್ಪಿ ಇಟ್ಟುಕೊಂಡು ದೋಣಿಯಲ್ಲಿ ಕೂತ ಫೋಟೋ ನೋಡಿದೆ. ವಿಯೆಟ್ನಾಂ ಅಂತ ಇತ್ತು” ಎಂದ. ನನ್ನ ಮುಖ ಎಲ್ಲಿಡಲಿ? ಮನೆ ಕಾಯಲು ನನ್ನನ್ನು ಸುಳ್ಳಿ ಮಾಡಿ ಕೂರಿಸಿ, ನೀವು ಅಲ್ಲಿಂದ ಗಂಟೆಗೊಂದು ಫೋಟೋ ಹಾಕಿ ಮನೆ ಖಾಲಿ ಎಂದು ಡಂಗುರ ಹೊಡೆಸಿದಿರಿ.

ಬೆಕ್ಕಿನ ವಿಷಯಕ್ಕೆ ಬರುತ್ತೇನೆ. ಅದು ಬೂತಾಯಿ ಮೀನಿನ ವಾಸನೆ ಹಿಡಿದು ನಿನ್ನ ಅಡುಗೆಮನೆಗೆ ಬಂದು ಸೇರಿದ ಬೆಕ್ಕು, ಹಾಗಾಗಿ ಬೂತಾಯಿ ಎಂದು ಹೆಸರಿಟ್ಟವಳು ನೀನು. ಈಗ ಧೃತಿಯ ಬಾಯಲ್ಲಿ ಅದು ‘ಬೂಟಿ’ ಆಗಿ, ಅದರ ಹೆಸರಿನಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ಒಂದು ಪೇಜು ಆಗಿ, ಪ್ಯಾಕೆಟಿನ ಆಹಾರ ಮಾತ್ರ ಕೊಡಬೇಕು ಎಂಬ ಆಜ್ಞೆಯೂ ಆಗಿತ್ತು. ಪ್ಯಾಕೆಟಿನ ಕಾಳನ್ನು ಅದು ಮೂಸಿ ನೋಡಿ ನನ್ನ ಮುಖ ನೋಡಿತು. ಮಾರನೆ ದಿನವೂ ಮುಟ್ಟಲಿಲ್ಲ. ನೀವಿಲ್ಲ ಎಂದು ಕೊರಗಿ ಸೋಫಾದ ಅಡಿಯಲ್ಲಿ ಬಿದ್ದುಕೊಂಡಿತು. ಬೋಟು ಇಲ್ಲದ ಸಮಯ, ಮೀನಿಗೆ ಚಿನ್ನದ ಬೆಲೆ. ನಾನು ಮಳೆಯಲ್ಲಿ ಬಸ್ಸು ಹಿಡಿದು ಉಡುಪಿಗೆ ಇಳಿದು, ನಾಡದೋಣಿಯವರ ಮೀನು ಬಂದಿದೆಯಾ ಎಂದು ಮಾರ್ಕೆಟಿನಲ್ಲಿ ತಿರುಗಿ, ಸಿಕ್ಕಿದ ನಾಲ್ಕು ಸಣ್ಣ ಮೀನು ಬೇಯಿಸಿ, ಮುಳ್ಳು ಬಿಡಿಸಿ, ಕೈತುತ್ತು ಕೊಟ್ಟು ಅದನ್ನು ಬದುಕಿಸಿದೆ. ಮೀನು ಸಿಗದ ದಿನ ಒಣಮೀನನ್ನು ನೀರಲ್ಲಿ ಹಾಕಿ ಉಪ್ಪು ಬಿಡಿಸಿ ಕೊಟ್ಟೆ. ಇದನ್ನು ಉಪಕಾರ ಎಂದು ಹೇಳುತ್ತಿಲ್ಲ. ಬೆಕ್ಕು ನನಗೆ ಯಾವ ಅನ್ಯಾಯವನ್ನೂ ಮಾಡಿಲ್ಲ.

ಆಮೇಲೆ ಆ ಸಂಜೆ ಬಂತು. ಗುಡುಗು ಸಿಡಿಲಿಗೆ ಕರೆಂಟು ಹೋಯಿತು, ನಿಮ್ಮ ಇನ್ವರ್ಟರೂ ಕೈಕೊಟ್ಟಿತು. ನಾನು ಮೇಣದ ಬತ್ತಿ ಹುಡುಕುತ್ತಿರುವಾಗಲೇ ನಿನ್ನ ಮಗ ಮನೀಶನ ಫೋನು. ನಾನು ಹೇಗಿದ್ದೇನೆ, ಕತ್ತಲೆಯಲ್ಲಿ ಹೆದರಿಕೆಯಾಗುತ್ತದಾ ಎಂದು ಕೇಳುತ್ತಾನೆ ಅಂದುಕೊಂಡೆ.

“ಆಂಟಿ, ಹಾಲ್‌ನ ಕ್ಯಾಮೆರಾ ಎಂತಕ್ಕೆ ಆಫ್ ಮಾಡಿದ್ದು?”

“ಯಾವ ಹಾಲ್‌ನ ಕ್ಯಾಮೆರಾ?”

“ಶೋಕೇಸಿನಲ್ಲಿ ಗೊಂಬೆಯ ಪಕ್ಕ ಬಿಳಿ ಉಂಟಲ್ಲ, ಅದು. ಬೂಟಿಯನ್ನು ನೋಡಲಿಕ್ಕೆ ಅಂತ ಇಟ್ಟದ್ದು ಆಂಟಿ. ಸೆಕ್ಯೂರಿಟಿಗೂ ಆಗ್ತದೆ ಅಲ್ವಾ?” ಎಂದ. ನಾನು ಅದನ್ನು ಸೊಳ್ಳೆ ಓಡಿಸುವ ಯಂತ್ರ ಅಂದುಕೊಂಡಿದ್ದೆ. ಎರಡು ಸಲ ಧೂಳನ್ನೂ ಒರೆಸಿದ್ದೆ.

ಸುಂದರಿ, ಕ್ಯಾಮೆರಾ ಎಲ್ಲೆಲ್ಲಿ ಉಂಟು ಎಂದು ಹೊರಡುವ ಮೊದಲು ನಾನು ಕೇಳಿದ್ದೆ. “ಗೇಟಿನದ್ದು ಒಂದು” ಎಂದಿದ್ದೆ ನೀನು. ಆ ಹಾಲ್‌ನಲ್ಲಿ ನಾನು ಹೇಗಿದ್ದೆ ಗೊತ್ತುಂಟಾ? ಒಬ್ಬಳೇ ಇರುವ ಮನೆಯಲ್ಲಿ ಹೆಂಗಸು ಹೇಗಿರುತ್ತಾಳೋ ಹಾಗೆ. ಸ್ನಾನ ಮಾಡಿ ಲಂಗವನ್ನು ಎದೆಗೆ ಕಟ್ಟಿಕೊಂಡು ಬಂದು, ಫ್ಯಾನಿನ ಅಡಿಯಲ್ಲಿ ತಲೆ ಒಣಗಿಸಿಕೊಂಡಿದ್ದೇನೆ. ಅಲ್ಲೇ ಸೀರೆ ಉಟ್ಟಿದ್ದೇನೆ. ನೈಟಿಯನ್ನು ತೊಡೆಯವರೆಗೆ ಎತ್ತಿ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದೇನೆ. ಬಾಯಿ ತೆರೆದುಕೊಂಡು ನೆಲದ ಮೇಲೆ ಮಲಗಿದ್ದೇನೆ. ಮನೀಶನನ್ನು ನಾನು ಎತ್ತಿ ಆಡಿಸಿದವಳು, ಅವನಿಗೆ ಕಾಗುಣಿತ ಕಲಿಸಿದವಳು. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಅವನು ನೋಡಿರಲಿಕ್ಕಿಲ್ಲ, ಬೆಕ್ಕನ್ನು ಮಾತ್ರ ನೋಡಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕರೆಂಟು ಬಂದ ಕೂಡಲೇ ನನ್ನ ಬೈರಾಸು ತೆಗೆದುಕೊಂಡು ಹೋಗಿ ಆ ಕ್ಯಾಮೆರಾದ ಮೇಲೆ ಹೊದಿಸಿದೆ. ಮೈ ಒರೆಸುವ ಬೈರಾಸೇ, ಬೇರೆ ಹುಡುಕಲಿಲ್ಲ. ಬೆಳಿಗ್ಗೆ ನಿನ್ನ ಫೋನು ಬಂತು. “ಬೈರಾಸು ತೆಗಿ ಮಾರಾಯ್ತಿ, ಧೃತಿಗೆ ಬೂಟಿಯನ್ನು ನೋಡದಿದ್ದರೆ ತಿಂಡಿ ಸೇರುವುದಿಲ್ಲ.” ಬೆಕ್ಕು ನೋಡಬೇಕಾದರೆ ನನಗೆ ಫೋನ್ ಮಾಡಿ, ವಿಡಿಯೋದಲ್ಲಿ ತೋರಿಸುತ್ತೇನೆ, ಬಾಲದ ತುದಿಯಿಂದ ಮೀಸೆಯವರೆಗೆ ತೋರಿಸುತ್ತೇನೆ ಎಂದೆ. “ನಿನಗೆ ಇದೆಲ್ಲ ಅರ್ಥ ಆಗುವುದಿಲ್ಲ, ಬಿಡು” ಎಂದೆ ನೀನು. ಆಗಲೇ ಬಾಗಿಲಿಗೆ ಬೀಗ ಹಾಕಿ ಕಾಪು ಬಸ್ಸು ಹತ್ತಬೇಕಿತ್ತು ನಾನು. ಸೋಫಾದ ಅಡಿಯಿಂದ ಆ ಬೆಕ್ಕು ಹೊರಗೆ ಬಂದು ನನ್ನ ಕಾಲಿಗೆ ಮೈ ತಿಕ್ಕಿತು. ಹೋಗಲಿಲ್ಲ.

ನೀವು ಬಂದಿರಿ. ಕ್ಯಾಮೆರಾದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ನೀನು ನನ್ನ ಕೈಯಲ್ಲಿ ಒಂದು ಮುಲಾಮಿನ ಡಬ್ಬಿ ಇಟ್ಟು, “ಅಲ್ಲಿಯದ್ದು ಭಾರೀ ಒಳ್ಳೆಯದಂತೆ, ನಿನ್ನ ಮೊಣಕಾಲಿಗೆ ಅಂತ ತಂದೆ” ಎಂದೆ. ನಾನು ಸಂತೋಷದಿಂದಲೇ ತೆಗೆದುಕೊಂಡು ಬಸ್ಸು ಹತ್ತಿದೆ. ಕಟಪಾಡಿ ದಾಟುವಾಗ ತಲೆಗೆ ಹೊಳೆಯಿತು. ನನ್ನ ಮೊಣಕಾಲು ನೋವಿನ ವಿಷಯ ನಾನು ನಿನ್ನ ಹತ್ತಿರ ಯಾವತ್ತೂ ಹೇಳಿಯೇ ಇರಲಿಲ್ಲ. ಅಂದರೆ ನೋಡಿದ್ದೀರಿ. ಎಲ್ಲರೂ ಸೇರಿ ಕೂತು ನೋಡಿದ್ದೀರಿ. ಆ ಡಬ್ಬಿಯ ಮುಚ್ಚಳವನ್ನು ನಾನು ಇವತ್ತಿಗೂ ತೆಗೆದಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಜುಲೈಯಲ್ಲಿ ಒಂದು ದಿನ ಉಡುಪಿ ಬಸ್ಸಿನಲ್ಲಿ ಕೂತಿದ್ದೆ. ಕಂಡಕ್ಟರ್ ಶ್ರವಣ್ ನನ್ನ ಹಳೆಯ ವಿದ್ಯಾರ್ಥಿ. ಟಿಕೆಟು ಕೊಡುತ್ತಾ, “ಟೀಚರ್, ನಿಮ್ಮ ವಿಡಿಯೋ ಭಾರೀ ಓಡ್ತಾ ಉಂಟು” ಎಂದು ಮೊಬೈಲು ತೋರಿಸಿದ. ನೋಡಿದರೆ ಧೃತಿಯ ಬೂಟಿ ಪೇಜಿನಲ್ಲಿ ನಾನು. ನೈಟಿಯಲ್ಲಿ, ತಲೆಗೆ ಎಣ್ಣೆ ಮೆತ್ತಿಕೊಂಡು, ಹೆಗಲ ಮೇಲೆ ಬೈರಾಸು ಹಾಕಿಕೊಂಡು, ನೆಲದಲ್ಲಿ ಕೂತು ಬೆಕ್ಕಿಗೆ ಬೈಯುತ್ತಿದ್ದೇನೆ. “ಎಂತ ಮೂಸುವುದು? ತಿನ್ನು. ಬೋಟೆಲ್ಲ ದಡದಲ್ಲಿ ಉಂಟು, ನಿನಗೆ ಅಂಜಲ್ ಮೀನು ನಾನು ಎಲ್ಲಿಂದ ತರಲಿ? ನಿನ್ನ ಧಣಿಗಳು ಅಲ್ಲಿ ಏಡಿ ತಿಂತಾ ಇದ್ದಾರೆ. ನೀನು ಇಲ್ಲಿ ಒಣಮೀನು ತಿನ್ನು, ನಾನು ಗಂಜಿ ಕುಡಿಯುತ್ತೇನೆ.” ಹಿಂದಿನಿಂದ ಯಾವುದೋ ಡೋಲಿನ ಸದ್ದು ಸೇರಿಸಿದ್ದಾರೆ. ಪಕ್ಕದ ಸೀಟಿನ ಹುಡುಗಿಯರು ನನ್ನನ್ನೂ ಮೊಬೈಲನ್ನೂ ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಶ್ರವಣನಿಗೆ ನನ್ನ ಮುಖ ನೋಡಿ ತಪ್ಪಾಯಿತೆಂದು ಗೊತ್ತಾಯಿತು, “ಚಂದ ಉಂಟು ಟೀಚರ್” ಎಂದು ಹಿಂದಕ್ಕೆ ಹೋದ.

ಅವತ್ತೇ ನಿನಗೆ ಫೋನ್ ಮಾಡಿ ಅದನ್ನು ತೆಗೆಸು ಎಂದೆ. “ಅದಕ್ಕೆಲ್ಲ ಬೇಜಾರು ಮಾಡುವುದಾ? ಎಲ್ಲರೂ ಎಷ್ಟು ಪ್ರೀತಿಯಲ್ಲಿ ನೋಡ್ತಾ ಇದ್ದಾರೆ. ಫೇಮಸ್ ಆದೆ ನೀನು. ಈಗ ತೆಗೆಯಲಿಕ್ಕೆ ಹೇಳಿದರೆ ಧೃತಿಗೆ ಬೇಜಾರಾಗ್ತದೆ” ಎಂದೆ ನೀನು. ನನ್ನ ಬೇಜಾರಿಗೆ ನಿನ್ನ ಮನೆಯಲ್ಲಿ ಜಾಗ ಇಲ್ಲ, ಧೃತಿಯದ್ದಕ್ಕೆ ಉಂಟು. ಆಮೇಲೆ ನಿನಗೆ ಕುಕ್ಕರ್ ಕೂಗಿತು.

ಈಗ ನನ್ನ ಮಾತು ಕೇಳು. ಆ ವಿಡಿಯೋ ತೆಗೆಸು. ಹಾಲ್‌ನ ಕ್ಯಾಮೆರಾದಲ್ಲಿ ನನ್ನದು ಏನೇನುಂಟೋ ಎಲ್ಲವನ್ನೂ ಅಳಿಸಲು ಮನೀಶನಿಗೆ ಹೇಳು. ಅವನು ‘ಆಯಿತು ಆಂಟಿ’ ಎಂದು ಮೆಸೇಜು ಹಾಕುವುದು ಬೇಡ, ನನ್ನ ಎದುರಿಗೆ ಕೂತು ಅಳಿಸಲಿ. ನಿಮ್ಮ ಮನೆಯ ಕೀಯನ್ನು ನಮ್ಮ ಮನೆಯವರು ಈ ಕಾಗದದ ಜೊತೆಗೆ ತಂದುಕೊಡುತ್ತಾರೆ, ಅವರ ಹತ್ತಿರ ಕಾಫಿ ಕುಡಿಯಿರಿ ಎಂದು ಒತ್ತಾಯ ಮಾಡಬೇಡ. ಮಣಿಪಾಲದಲ್ಲಿ ಬೆಕ್ಕು ನಾಯಿ ನೋಡಿಕೊಳ್ಳಲು ಮನೆಗೇ ಬರುವವರು ಈಗ ಇದ್ದಾರಂತೆ. ಯಾರನ್ನಾದರೂ ಗೊತ್ತು ಮಾಡು. ಕ್ಯಾಮೆರಾ ಎಲ್ಲೆಲ್ಲಿ ಉಂಟೆಂದು ಬರುವವರಿಗೆ ಮೊದಲೇ ತೋರಿಸಿಕೊಡು. ಫೋಟೋಗಳನ್ನು ಊರಿಗೆ ವಾಪಸು ಬಂದ ಮೇಲೆ ಹಾಕಲಿ. ಬೆಕ್ಕಿಗೆ ಪ್ಯಾಕೆಟು ಬೇಡ, ಮೀನಿನ ಮುಳ್ಳು ಬಿಡಿಸಿ ಅನ್ನದಲ್ಲಿ ಕಲಸಿ ಕೊಡಬೇಕು, ಮತ್ತು ಅದು ತಿನ್ನುವಷ್ಟು ಹೊತ್ತು ಹತ್ತಿರ ಕೂತಿರಬೇಕು. ಎದ್ದು ಹೋದರೆ ಅದೂ ತಿನ್ನುವುದನ್ನು ಬಿಟ್ಟು ಎದ್ದು ಬರುತ್ತದೆ.

ವಿಠಲಣ್ಣನ ಬೋಟುಗಳಿಗೆ ಈ ಸಲ ಒಳ್ಳೆಯ ಮೀನು ಬೀಳಲಿ. ಧೃತಿಗೆ ಆಯುಸ್ಸು ಆರೋಗ್ಯ ಸಿಗಲಿ, ಬುದ್ಧಿ ಸ್ವಲ್ಪ ತಡವಾಗಿಯಾದರೂ ಬರಲಿ. ಮನೀಶನಿಗೆ ನನ್ನ ಆಶೀರ್ವಾದ ಯಾವಾಗಲೂ ಉಂಟು, ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಬರುವುದಿಲ್ಲ. ಬೂತಾಯಿಯ ತಲೆ ಸವರು.

ಇತಿ,
ವಿನೋದಾ

ತಾ.ಕ.: ಮೇಲೆ ಬರೆದದ್ದೆಲ್ಲ ಸಿಟ್ಟು. ನನ್ನ ಸಿಟ್ಟು ನಿನಗೆ ಹೊಸತಲ್ಲ, ನೀನು ಒಂದು ಸಲ ಬಂದು ಜಗಲಿಯಲ್ಲಿ ಕೂತರೆ ಇಳಿದರೂ ಇಳಿಯುತ್ತದೆ. ಇನ್ನೊಂದು ಉಂಟು, ಅದನ್ನು ಬರೆಯದೆ ಲಕೋಟೆ ಅಂಟಿಸಲು ಮನಸ್ಸಾಗುತ್ತಿಲ್ಲ.

ಮೊನ್ನೆ ಆ ವಿಡಿಯೋದ ಕೆಳಗೆ ಬಂದ ಮಾತುಗಳನ್ನು ಓದಿದೆ. ಶಿರ್ವದ ಲೀನಾ ಬರೆದಿದ್ದಾಳೆ. ಪಿಯುಸಿಯಲ್ಲಿ ನಿನ್ನ ಮತ್ತು ನನ್ನ ನಡುವೆ ಕೂರುತ್ತಿದ್ದಳಲ್ಲ, ಈಗ ಮಸ್ಕತ್ತಿನಲ್ಲಿರುವವಳು, ಅದೇ ಲೀನಾ. “ಸುಂದರಿ, ಇವರನ್ನು ಎಲ್ಲೋ ನೋಡಿದ ಹಾಗೆ ಉಂಟಲ್ಲ, ಯಾರು?” ಎಂದು ಕೇಳಿದ್ದಾಳೆ. ಅದರ ಕೆಳಗಿನ ಉತ್ತರ ಧೃತಿಯದ್ದಲ್ಲ, ಮನೀಶನದ್ದೂ ಅಲ್ಲ. ನಿನ್ನ ಫೋಟೋ, ನಿನ್ನ ಹೆಸರು. “ನಿನಗೆ ಗುರ್ತ ಇರಲಿಕ್ಕಿಲ್ಲ ಲೀನಾ. ಮನೆ ನೋಡಲಿಕ್ಕೆ ಮಾಡಿದ ಜನ.”

ಬೋಟಿಗೆ ಜನ, ತೆಂಗಿನಕಾಯಿ ಕೀಳಲು ಜನ, ಬೆಕ್ಕಿಗೊಂದು ಜನ. ಕೂಲಿಗೆ ಜನವಾಗಿ ಹೋಗುವುದು ನಾಚಿಕೆಯಲ್ಲ ಸುಂದರಿ. ನನ್ನ ಅಮ್ಮ ನಮ್ಮ ಊರು ಕೆಮ್ಮಣ್ಣಿನಲ್ಲಿ ಮನೆಮನೆಗೆ ಜನವಾಗಿ ಹೋಗಿಯೇ ನನ್ನನ್ನು ಓದಿಸಿದ್ದು, ನೀನು ಕಣ್ಣಾರೆ ನೋಡಿದ್ದೀ. ನೈಟಿಯಲ್ಲಿ ನೆಲಕ್ಕೆ ಕೂತ ಆ ಹೆಂಗಸು ನಿನ್ನ ಗೆಳತಿ ಎಂದು ಹೇಳಲು ನಿನಗೆ ನಾಚಿಕೆಯಾಯಿತು. ಮೊಬೈಲಿನಲ್ಲಿ ಕನ್ನಡ ಬರೆಯಲು ನಿನಗೆ ಕಲಿಸಿದವಳು ನಾನೇ. ಕಲಿತ ದಿನ ನೀನು ಮೊದಲು ಬರೆದು ಕಳಿಸಿದ್ದು ನನ್ನ ಹೆಸರನ್ನು. ಲೀನಾ ಕೇಳಿದಾಗಲೂ ಅಷ್ಟನ್ನೇ ಬರೆದಿದ್ದರೆ ಸಾಕಿತ್ತು.