ನಿನ್ನ ಕೋಣೆಯ ವಿಷಯ

ಭಾನುವಾರ, ಊಟವಾದ ಮೇಲೆ

ನನ್ನ ಬಾಯಿಬಡುಕಿ ಮಗಳೇ,

ನಿನ್ನ ಕಾಗದ ಬಂದು ವಾರವಾಯಿತು. ಅಮ್ಮ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀ, ಊದಿಸಿಕೋ. ಮುಂದಿನ ತಿಂಗಳು ಕೊನೆಯ ವ್ರತ ತೆಗೆದುಕೊಂಡು ಬದುಕಿಡೀ ಕನ್ಯಾಮಠದಲ್ಲೇ ಇರಲೋ, ಬಿಟ್ಟು ಮನೆಗೆ ಬರಲೋ, ನೀನೇ ಒಂದು ಮಾತು ಹೇಳಿಬಿಡಮ್ಮ, ಹಾಗೇ ಮಾಡುತ್ತೇನೆ ಎಂದಿದ್ದೀಯ. ಅಬ್ಬಬ್ಬಾ, ಎಂಥ ವಿಧೇಯತೆ! ಹಾಲು ಕುಡಿ ಎಂದರೆ ಬೀದಿಯ ತುದಿಯವರೆಗೆ ಓಡುತ್ತಿದ್ದವಳು ನೀನೇನಾ?

ನಾನು ಹೇಳುವುದಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಿದ್ದೇನೆ.

ಗುರುವಾರ ಎಂದಿನಂತೆ ಚರ್ಚಿನ ಬಲಿಪೂಜೆಯಲ್ಲಿ ಹಂಚುವ ತೆಳು ರೊಟ್ಟಿ ಬೇಯಿಸುತ್ತಿದ್ದೆ. ಹಿಟ್ಟು, ನೀರು, ಬೇರೇನೂ ಇಲ್ಲ. ಕಬ್ಬಿಣದ ಅಚ್ಚನ್ನು ಸರಿಯಾದ ಗಳಿಗೆಗೆ ತೆರೆಯಬೇಕು, ಅಷ್ಟೇ. ನಿನ್ನ ಯೋಚನೆಯಲ್ಲಿ ಮೈಮರೆತೆ, ರೊಟ್ಟಿಯ ಹಾಳೆಯೆಲ್ಲ ಕಂದಿಹೋಯಿತು. ಕಂದಿದ್ದನ್ನು ಬಲಿಪೀಠಕ್ಕೆ ಕೊಡುವ ಹಾಗಿಲ್ಲ. ನೀನು ಚಿಕ್ಕವಳಿದ್ದಾಗ, ದುಂಡು ಬಿಲ್ಲೆ ಕತ್ತರಿಸಿ ಉಳಿದ ತೂತುಹಾಳೆಗೆ ಬೆರಳು ತೂರಿಸಿ, ಉಂಗುರ ನೋಡಿ ಎಂದು ಬೀದಿಗೆಲ್ಲ ತೋರಿಸಿಕೊಂಡು ಬರುತ್ತಿದ್ದೆಯಲ್ಲ, ಅದೂ ನೆನಪಾಯಿತು.

ರೊಟ್ಟಿ ಒಯ್ಯಲು ಬಂದ ಫಾದರ್, ಮನಸ್ಸು ಎಲ್ಲಿಟ್ಟಿದ್ದೀರಮ್ಮಾ ಅಂದರು. ಬಾಯಿಬಿಟ್ಟೆ. ಇಷ್ಟು ದೂರ ಹೋಗಿ ಈಗ ಬಿಟ್ಟರೆ ದೇವರು ಮುನಿಸಿಕೊಳ್ಳುತ್ತಾನಾ ಅಂತ ಕೇಳಿದೆ. ನಿನ್ನ ಕಾಗದದ ತುಂಬ ಅದೇ ಹೆದರಿಕೆ ತಾನೆ? ಅವರು ಕಂದಿದ ಚೂರೊಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. ಬೇಡ ಅನ್ನೋಕೆ ಧೈರ್ಯ ಇಲ್ಲದವರ ಹೂಂ ಇಟ್ಕೊಂಡು ಆತ ಏನು ಮಾಡ್ತಾನಮ್ಮಾ, ಅದಕ್ಕೇ ಅಲ್ವಾ ನಮಗೊಂದು ಸ್ವಂತ ಇಚ್ಛೆ ಕೊಟ್ಟಿರೋದು, ಅಂದರು. ಪ್ರಾರ್ಥನೆ ಮಾಡಿ, ತನಗೆ ತಾನೇ ಸುಳ್ಳು ಹೇಳ್ಕೊಳ್ದೆ ಅವಳು ಯಾವ ದಾರಿ ಹಿಡಿದರೂ ಆತನ ಕರುಣೆ ಅವಳಿಗಿಂತ ಮುಂಚೆ ಅಲ್ಲಿಗೆ ಹೋಗಿರುತ್ತೆ, ಅಂತಲೂ ಅಂದರು. ಆಮೇಲೆ ಇನ್ನೊಂದು ಚೂರು ಕೇಳಿದರು.

ಹಾಗಾಗಿ ನೀನೇ ಯೋಚಿಸು. ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡ. ನಿನ್ನ ಕೋಣೆಯನ್ನು ಆಸ್ಪತ್ರೆಯ ನರ್ಸೊಬ್ಬಳಿಗೆ ಕೊಟ್ಟಿದ್ದೇನೆ. ಒಳ್ಳೆಯ ಹುಡುಗಿ, ನಿನ್ನ ಹಾಗೆ ಎದುರು ಮಾತಾಡುವುದಿಲ್ಲ. ಮನೆ ತುಂಬಿಕೊಂಡಿದೆ, ನಿನ್ನನ್ನು ನೆನೆಯಲೂ ಪುರುಸೊತ್ತಿಲ್ಲ.

ಮುತ್ತುಗಳೊಂದಿಗೆ,
ನಿನ್ನ ಅಮ್ಮ

ತಾ.ಕ.: ಅಂಚೆಪೆಟ್ಟಿಗೆಯವರೆಗೆ ಹೋಗಿ ವಾಪಸ್ ಬಂದು ಲಕೋಟೆ ಒಡೆದಿದ್ದೇನೆ. ನರ್ಸೂ ಇಲ್ಲ, ಗಿರ್ಸೂ ಇಲ್ಲ. ನನ್ನ ಮೇಲಿನ ಕನಿಕರಕ್ಕೆ ನೀನು ಓಡಿ ಬರಬಾರದೆಂದು ಬರೆದ ಸುಳ್ಳು ಅದು. ಆದರೆ ಸುಳ್ಳು ಹೇಳಿ ನಿನ್ನನ್ನು ಅಲ್ಲೇ ಉಳಿಸಿದರೆ, ಆರಿಸಿದವಳು ನಾನಾಗುತ್ತೇನೆ, ನೀನಲ್ಲ. ನಿಜ ಕೇಳು. ಕೋಣೆ ಖಾಲಿ ಇದೆ. ದಿನಾ ಹಾಸಿಗೆ ಕೊಡವಿ ಹಾಸುತ್ತೇನೆ. ನೀನು ಬೇಕು ಕಣೇ, ಕರುಳು ಹಿಂಡುವಷ್ಟು ಬೇಕು. ದೇವರಿಗೂ ಬೇಕೇನೋ, ಅದನ್ನು ಆತನನ್ನೇ ಕೇಳು. ಬಂದರೆ ಬಾಗಿಲು ತೆಗೆದೇ ಇರುತ್ತದೆ. ಉಳಿದರೆ ಅಳುತ್ತೇನೆ, ಅತ್ತು ಮುಖ ತೊಳೆದುಕೊಂಡು, ನಿನ್ನ ವ್ರತದ ದಿನಕ್ಕೆ ರೊಟ್ಟಿ ನಾನೇ ಬೇಯಿಸಿ ತರುತ್ತೇನೆ, ಒಂದೂ ಕಂದದ ಹಾಗೆ.