ಆರಿಸದೆ ಕಾಯುವ ಬೆಂಕಿ

ಬ್ರ್ಯಾಂಪ್ಟನ್
೧೯ ಆಗಸ್ಟ್ ೨೦೧೮, ರವಿವಾರ

ನನ್ನ ಬಂಗಾರದಂಥ ಮಾಧುರಿಗೆ, ಅವ್ವ ಕೂತಲ್ಲಿಂದಲೇ ನಿನ್ನ ತಲೆ ಸವರಿ ಬರೆಯುವುದು.

ನಾವು ಆರಾಮ ಇದ್ದೇವೆ. ಉತ್ತರ ತಡವಾಯಿತು, ಸಿಟ್ಟಾಗಬೇಡ. ವೇರ್‌ಹೌಸಿನಲ್ಲಿ ಒಬ್ಬಳು ರಜೆ ಹಾಕಿದ್ದಕ್ಕೆ ಅವಳ ಶಿಫ್ಟೂ ನನ್ನ ತಲೆಗೇ ಬಂತು. ನಿನ್ನ ಗುಡ್ಡದ ಮೇಲೆ ಫೋನ್ ಸಿಗುವುದಿಲ್ಲವೆಂದು ನಾನೂ ಎಷ್ಟೋ ವರ್ಷದ ಮೇಲೆ ಪೆನ್ನು ಹಿಡಿದೆ. ಧಾರವಾಡದಲ್ಲಿ ಏಳನೇ ಇಯತ್ತೆಯವರೆಗೆ ನೀನು ಕಲಿತ ಕನ್ನಡ ಹೀಗೆ ಕೆಲಸಕ್ಕೆ ಬಂದೀತೆಂದು ಯಾರಿಗೆ ಗೊತ್ತಿತ್ತು!

ನೀನು ಬರೆದದ್ದು ಎರಡು ಸಲ ಓದಿದ ಮೇಲೆ ತಲೆಗೆ ಹೊಕ್ಕಿತು. ಸಿಡಿಲು ಬಿದ್ದು ಗುಡ್ಡದ ತುದಿಯ ಕಾಡಿಗೆ ಬೆಂಕಿ ಹತ್ತಿದೆ. ಅಲ್ಲಿ ಮನೆಗಳಿಲ್ಲ, ಒಣಗಿ ಬಿದ್ದ ಮರ ಸುಟ್ಟರೆ ಕಾಡಿಗೇ ಒಳ್ಳೆಯದು, ಅದಕ್ಕೇ ಬೆಂಕಿ ಆರಿಸುವ ತಂಡದವರಾದ ನೀವೇ ಅದನ್ನು ಆರಿಸದೆ ಬಿಟ್ಟಿದ್ದೀರಿ. ಕೆಳಗಿನ ಊರಿನ ಕಡೆ ಮಾತ್ರ ಗಿಡಗಂಟಿ ಕಡಿದು, ಮಣ್ಣು ಕಾಣುವ ಹಾಗೆ ಕೆರೆದು, ಬೆಂಕಿ ಆ ಗೆರೆ ದಾಟದಂತೆ ಕಾಯುತ್ತೀರಿ. ಇದನ್ನು ನಿಮ್ಮಪ್ಪನ ಕಿವಿಗೆ ಬೀಳಲೆಂದೇ ಗಟ್ಟಿಯಾಗಿ ಓದಿದೆ. ನರ್ಸಿಂಗ್ ಅರ್ಧಕ್ಕೆ ಬಿಟ್ಟೆಯೆಂದು ನಿನ್ನ ಜೊತೆ ಮಾತು ಬಿಟ್ಟ ಮನುಷ್ಯ, ಚಹಾದ ಕಪ್ಪಿನಿಂದ ತಲೆ ಎತ್ತದೆ, "ಬೆಂಕಿ ಆರಸೂದು ಬಿಟ್ಟು ಕಾಯ್ಕೋತ ಕುಂದ್ರಾಕ ಪಗಾರ ಬ್ಯಾರೆ ಕೊಡ್ತಾರೇನು?" ಅಂದರು.

"ನಿಮ್ಮ ಸಿಟ್ಟು ನಾ ಕಾಯ್ಕೋತ ಕುಂತೀನಲ್ಲ, ನನಗ ಯಾರು ಕೊಟ್ಟಾರ್ರೀ ಪಗಾರ?" ಅಂದೆ. ನಗಲಿಲ್ಲ, ಮೀಸೆ ಮಾತ್ರ ಅಲ್ಲಾಡಿತು.

ಆದರೆ ಕೇಳು. ಟ್ರಕ್ ಓಡಿಸಲು ಹೋಗುವ ಮೊದಲು ದಿನಾ ಫೋನಿನಲ್ಲಿ ನಿಮ್ಮ ಕಾಡಿನ ಮ್ಯಾಪು ತೆಗೆದು ಬೆಂಕಿ ಎಲ್ಲಿಗೆ ಬಂದಿದೆ ನೋಡುತ್ತಾರೆ. ನಿನ್ನೆ ಫ್ರಿಜ್ಜಿಗೆ ಹೇಳುವವರ ಹಾಗೆ, "ಗಾಳಿ ತಿರುಗೇತಿ, ಹುಷಾರಿರಬೇಕು" ಅಂದರು. ಅವರಿಗೆ ನಿನ್ನ ಮೇಲೆ ಮಾಯೆ-ಮಮತೆ ಇಲ್ಲವೆಂದು ಮಾತ್ರ ತಿಳಿಯಬೇಡ.

ನಾನು ರೆಕ್ಸ್‌ಡೇಲಿನ ಅಂಗಡಿಯಿಂದ ತಂದು ಕಳಿಸಿದ, ಚಳಿಗೆ ಒಳಗೆ ಹಾಕುವ ಥರ್ಮಲ್ಲು ನೈಲಾನಿನದು, ಬೆಂಕಿಯ ಹತ್ತಿರ ಕರಗಿ ಮೈಗೆ ಅಂಟುತ್ತದೆ ಎಂದು ಬರೆದಿದ್ದೀಯ. ಬೆಚ್ಚಗಿರಲಿ ಅಂತ ಆರಿಸಿ ಆರಿಸಿ ತಂದಿದ್ದೆನಲ್ಲೇ! ಅದನ್ನು ಎಸೆದುಬಿಡು. ಈ ಸಲ ಅಪ್ಪಟ ಹತ್ತಿಯ ಬನಿಯನ್ನು ಇಟ್ಟಿದ್ದೇನೆ, ಜೊತೆಗೆ ಖಡಕ್ ರೊಟ್ಟಿ. ಹೊಗೆಗೂ ಕಣ್ಣೀರು ಹಾಕದ ನಿಮ್ಮ ತಂಡದ ಹಿರಿಯಾಕೆ ನಮ್ಮ ಕೆಂಪು ಚಟ್ನಿಗೆ ಅತ್ತಳಂತೆ. ಅವಳಿಗೆ ಖಾರ ಕಡಿಮೆ ಹಾಕಿ ಶೇಂಗಾ ಚಟ್ನಿ ಬೇರೆ ಕಟ್ಟಿದ್ದೇನೆ, ಪಾಪ.

ಇನ್ನು ನೀನು ಕೇಳಿದ ಮಾತು. ಸೀಸನ್ ಮುಗಿದ ಮೇಲೆ ಮನೆಗೆ ಬರಲೋ, ಅಲ್ಲೇ ಪರ್ಮನೆಂಟ್ ಕೆಲಸಕ್ಕೆ ಹೂಂ ಅನ್ನಲೋ ಎಂದು. ಹೂಂ ಅನ್ನು. ನರ್ಸಿಂಗ್ ಪುಸ್ತಕದ ಮುಂದೆ ಕೂತ ನಿನ್ನ ಮುಖ ನಾನು ನೋಡಿದ್ದೇನೆ. ಈ ಪತ್ರ ಬರೆದ ಹುಡುಗಿ ಬೇರೆಯೇ, ಅವಳು ನನಗೆ ಬಹಳ ಸೇರಿದಳು. ನಮಗಾಗಿ ಬರಬೇಡ, ನಮ್ಮ ದಿನಗಳು ಹೇಗೋ ಸಾಗುತ್ತವೆ.

ನಿನ್ನ ನೆತ್ತಿ ತಂಪಾಗಿರಲಿ, ಕಾಲ ಕೆಳಗಿನ ನೆಲ ಗಟ್ಟಿಯಿರಲಿ, ಗಾಳಿ ನಿನ್ನ ಮಾತು ಕೇಳಲಿ.

ನಿನ್ನ ಅವ್ವ,
ಕಲಾವತಿ

ತಾ.ಕ.: ಒಂದು ವಿಷಯ ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಕೋಣೆಯಲ್ಲಿ ಈಗ ಜ್ಯೋತ್ಸ್ನಾ ಅಂತ ಒಬ್ಬ ಹುಡುಗಿ ಇದ್ದಾಳೆ, ಬೆಳಗಾವಿಯಿಂದ ಇಲ್ಲಿಯ ಕಾಲೇಜಿಗೆ ಬಂದವಳು. ಆ ಕೋಣೆ ಖಾಲಿ ನೋಡಲಾರೆ ಎಂದು ನಿಮ್ಮಪ್ಪನೇ ಕರೆತಂದರು. ಊಟಕ್ಕೆ ಕರೆಯುವಾಗ ನನ್ನ ಬಾಯಿಗೆ "ಮಾಧುರೀ" ಅಂತಲೇ ಬರುತ್ತದೆ. ಮೊದಮೊದಲು "ನಾ ಜ್ಯೋತ್ಸ್ನಾರೀ ಆಂಟಿ" ಅನ್ನುತ್ತಿದ್ದಳು. ಈಗ ಅನ್ನುವುದಿಲ್ಲ. "ಬಂದೆ ಯವ್ವಾ" ಅನ್ನುತ್ತಾಳೆ. ದಿನಾ ಕೇಳಿದರೂ, ದಿನಾ ನಾನೂ ನಿಮ್ಮಪ್ಪನೂ ನೀನೇ ಇಳಿದು ಬಂದೆಯೇನೋ ಎಂದು ಮೆಟ್ಟಿಲ ಕಡೆ ತಿರುಗಿ ನೋಡುತ್ತೇವೆ.